ಕೇಬಲ್ ಹೊರಹೊದಿಕೆಯ ಮೇಲೆ ಲೇಸರ್ ಗುರುತು: ಪ್ಲಾಸ್ಟಿಕ್ ಎಂಥದ್ದಿರಬೇಕು?

ಷೀತಿಂಗ್ ಲೈನ್

ಕೇಬಲ್‌ಗೆ ಪ್ಲಾಸ್ಟಿಕ್ ಹೊದಿಸುವ ನಮ್ಮ ಲೈನಿನಲ್ಲಿ ಎರಡು ಬಗೆಯ ಹೊರಹೊದಿಕೆ ಬರುತ್ತದೆ. ಒಂದು ಹೊರಾಂಗಣಕ್ಕೆ ಹೋಗುವ ಕಪ್ಪು ಪಾಲಿಎಥಿಲೀನ್, ಇನ್ನೊಂದು ಕಟ್ಟಡದೊಳಗಿನ ಕೇಬಲ್‌ಗೆ ಕಿತ್ತಳೆ ಬಣ್ಣದ ಹ್ಯಾಲೊಜೆನ್‌ರಹಿತ (ಕ್ಲೋರಿನ್‌ನಂಥ ಧಾತುಗಳಿಲ್ಲದ) ಕಾಂಪೌಂಡ್, ಅಂದರೆ ಪ್ಲಾಸ್ಟಿಕ್ ಮಿಶ್ರಣ. ಈಗ ಎರಡಕ್ಕೂ ಇಂಕ್‌ಜೆಟ್ ಗುರುತು. ಕೊಳವೆಯೊಳಗೆ ಕೇಬಲ್ ಎಳೆದಾಗ ಅಕ್ಷರ ಉಜ್ಜಿ ಹೋಗುತ್ತದೆ ಎಂಬ ದೂರು ಪದೇ ಪದೇ ಬರುತ್ತಿದೆ. ಮೀಟರ್ ಸಂಖ್ಯೆ ಅಳಿಸಿಹೋದರೆ ಡ್ರಮ್‌ನಲ್ಲಿ ಉಳಿದಿರುವ ಉದ್ದವನ್ನು ಊಹಿಸಬೇಕಾಗುತ್ತದೆ. ಬ್ಯಾಚ್ ಸಂಖ್ಯೆ ಅಳಿದರಂತೂ ಆ ಕೇಬಲ್‌ನ ಮೂಲವನ್ನೇ ಹುಡುಕಲಾಗದು.

ಪ್ರಯೋಗಕ್ಕೆಂದು 1064 ನ್ಯಾನೊಮೀಟರ್‌ನ 20 ವ್ಯಾಟ್ ಫೈಬರ್ ಲೇಸರ್ ತರಿಸಿದ್ದೇವೆ. ಕಪ್ಪು ಹೊದಿಕೆಯ ಮೇಲೆ ಬೂದು ಬಿಳುಪಿನ ಅಕ್ಷರ ಚೆನ್ನಾಗಿ ಮೂಡುತ್ತದೆ. ಕಿತ್ತಳೆ ಹೊದಿಕೆಯ ಮೇಲೆ ಏನೂ ಕಾಣುವುದಿಲ್ಲ. ಶಕ್ತಿ ಏರಿಸುತ್ತಾ ಹೋದರೆ ಒಮ್ಮೆಲೇ ಅಲ್ಲಲ್ಲಿ ಸಣ್ಣ ಕುಳಿ ಬೀಳುತ್ತವೆ, ಆದರೆ ಅಕ್ಷರ ಮೂಡುವುದಿಲ್ಲ. ಯಂತ್ರ ಕೊಟ್ಟವರು 50 ವ್ಯಾಟ್‌ನದನ್ನು ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ತೊಂದರೆ ಇರುವುದು ಲೇಸರ್‌ನಲ್ಲೋ ಪ್ಲಾಸ್ಟಿಕ್‌ನಲ್ಲೋ? ಬಲ್ಲವರು ಬಿಡಿಸಿ ಹೇಳಬೇಕು.

ಬೆಳಕಿನಲೆ

50 ವ್ಯಾಟ್ ಕೊಳ್ಳಬೇಡಿ. ನಿಮಗಿರುವುದು ಶಕ್ತಿಯ ಕೊರತೆಯಲ್ಲ, ಬೆಳಕನ್ನು ಹೀರುವ ವಸ್ತುವಿನ ಕೊರತೆ.

ಪಾಲಿಎಥಿಲೀನ್, ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್) ಮುಂತಾದ ಪ್ಲಾಸ್ಟಿಕ್‌ಗಳ ಸರಪಳಿಗೆ 1064 ನ್ಯಾನೊಮೀಟರ್ ಬೆಳಕನ್ನು ಹೀರುವ ಗುಣ ಇಲ್ಲವೆಂದೇ ಹೇಳಬಹುದು. ಕಿಟಕಿಯ ಗಾಜಿನ ಮೂಲಕ ಬಿಸಿಲು ಹಾಯ್ದುಹೋಗುವಂತೆ ಈ ಬೆಳಕು ಅದರೊಳಗೆ ಹಾಯ್ದುಹೋಗುತ್ತದೆ. ನಿಮ್ಮ ಕಿತ್ತಳೆ ಕಾಂಪೌಂಡ್‌ನಲ್ಲಿರುವ ಖನಿಜ ಪುಡಿ ಅದನ್ನು ಚದುರಿಸುತ್ತದೆ, ಹೀರುವುದಿಲ್ಲ. ಕಪ್ಪು ಹೊದಿಕೆಯಲ್ಲಿ ಇಂಗಾಲದ ಕಪ್ಪು, ಅಂದರೆ ಕಾರ್ಬನ್ ಬ್ಲ್ಯಾಕ್, ಸುಮಾರು ಶೇ. 2.5ರಷ್ಟು ಇರುತ್ತದೆ. ಬಿಸಿಲಿನಿಂದ ರಕ್ಷಿಸಲೆಂದು ಹಾಕಿದ ಅದೇ ಕಪ್ಪು ಪುಡಿ ಲೇಸರ್ ಬೆಳಕನ್ನೂ ಹೀರಿಕೊಂಡು ಕ್ಷಣಾರ್ಧದಲ್ಲಿ ಕಾಯುತ್ತದೆ. ಸುತ್ತಲಿನ ಪ್ಲಾಸ್ಟಿಕ್ ಕರಗಿ, ವಿಘಟಿಸಿ, ಅನಿಲದ ಗುಳ್ಳೆಗಳು ಏಳುತ್ತವೆ. ಆ ನೊರೆ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ. ಮೇಲ್ಮೈಯ ಇಂಗಾಲ ಸ್ವಲ್ಪ ಉರಿದುಹೋಗುವುದೂ ಬಿಳುಪಿಗೆ ನೆರವಾಗುತ್ತದೆ.

ಕಿತ್ತಳೆಯ ಮೇಲೆ ಕುಳಿ ಬಿದ್ದದ್ದೂ ಇದೇ ಕಾರಣಕ್ಕೆ. ಎಲ್ಲೋ ಒಂದು ಕಲ್ಮಶದ ಕಣವೋ ವರ್ಣದ್ರವ್ಯದ ಗಂಟೋ ಬೆಳಕನ್ನು ಹೀರಿ ಸಿಡಿದಿದೆ. ಶಕ್ತಿ ಹೆಚ್ಚಿಸಿದರೆ ಕುಳಿಗಳು ಹೆಚ್ಚಾಗುತ್ತವೆ, ಅಷ್ಟೇ. ಹೊದಿಕೆ ಅರೆಪಾರದರ್ಶಕವಾಗಿದ್ದರೆ ಬೆಳಕು ಒಳಗಿನ ಪದರವನ್ನೇ ಸುಡುವ ಅಪಾಯವೂ ಇದೆ.

ನಿಮ್ಮ ಮುಂದೆ ಎರಡು ದಾರಿಗಳಿವೆ: ಈ ತರಂಗಾಂತರಕ್ಕೆ ಸ್ಪಂದಿಸುವ ವಸ್ತುವನ್ನು ಕಾಂಪೌಂಡ್‌ಗೆ ಸೇರಿಸುವುದು, ಇಲ್ಲವೇ ಕಾಂಪೌಂಡ್‌ನಲ್ಲಿ ಈಗಾಗಲೇ ಇರುವ ವಸ್ತು ಹೀರುವಂಥ ತರಂಗಾಂತರಕ್ಕೆ ಹೋಗುವುದು.

ಕಾಂಪೌಂಡ್ ಕೋಣೆ

ಬೆಳಕಿನಲೆ ಅವರು ಹೇಳಿದ ಮೊದಲ ದಾರಿಯ ಬಗ್ಗೆ ನಾನು ವಿವರಿಸುತ್ತೇನೆ. ಅದು ನನ್ನ ದಿನನಿತ್ಯದ ಕೆಲಸ.

ಮಾರುಕಟ್ಟೆಯಲ್ಲಿ ಲೇಸರ್ ಮಾಸ್ಟರ್‌ಬ್ಯಾಚ್ (ಸೇರ್ಪಡೆಯನ್ನು ಗಾಢವಾಗಿ ಬೆರೆಸಿದ ಪ್ಲಾಸ್ಟಿಕ್ ಕಾಳು) ಎಂದು ಸಿಗುವುದೆಲ್ಲ ಒಂದೇ ಪದಾರ್ಥವಲ್ಲ. ಆಂಟಿಮನಿ ಬೆರೆತ ಟಿನ್ ಆಕ್ಸೈಡ್ ಲೇಪಿಸಿದ ಅಭ್ರಕದ ಚಕ್ಕೆ ಒಂದು ಬಗೆ. ಅದು ಬೆಳಕನ್ನು ಹೀರಿ ಕಾಯುತ್ತದೆ, ಕಾದು ಪಕ್ಕದ ಪ್ಲಾಸ್ಟಿಕ್ಕನ್ನು ಕರಕಾಗಿಸುತ್ತದೆ. ಅಂದರೆ ಕಪ್ಪು ಬಣ್ಣ ಪ್ಲಾಸ್ಟಿಕ್‌ನಿಂದಲೇ ಬರಬೇಕು. ಪಾಲಿಕಾರ್ಬೊನೇಟ್‌ನಲ್ಲಿ ಬೆಂಜೀನ್ ಉಂಗುರಗಳಿರುವುದರಿಂದ ಅದು ಸುಲಭವಾಗಿ ಕರಕಾಗುತ್ತದೆ. ಪಾಲಿಎಥಿಲೀನ್ ಹಾಗಲ್ಲ. ಅದು ಕಾದರೆ ಕರಗುತ್ತದೆ, ಇನ್ನೂ ಕಾದರೆ ಆವಿಯಾಗುತ್ತದೆ, ಕರಿ ಉಳಿಸುವುದು ಕಡಿಮೆ. ಅದಕ್ಕೇ ಪಾಲಿಎಥಿಲೀನ್ ಆಧಾರದ ಹೊದಿಕೆಗೆ ತಾನೇ ಬಣ್ಣ ಬದಲಿಸುವ ಸೇರ್ಪಡೆ ಬೇಕು. ಬಿಸ್ಮತ್ ಸಂಯುಕ್ತಗಳು, ತಾಮ್ರದ ಹೈಡ್ರಾಕ್ಸೈಡ್ ಫಾಸ್ಫೇಟ್ ಈ ಸಾಲಿಗೆ ಸೇರುತ್ತವೆ. ಲೇಸರ್ ತಾಗಿದಲ್ಲಿ ಇವೇ ಕಪ್ಪಾಗುತ್ತವೆ.

ನಿಮ್ಮ ಹ್ಯಾಲೊಜೆನ್‌ರಹಿತ ಕಾಂಪೌಂಡ್‌ನಲ್ಲಿ ಸಾಮಾನ್ಯವಾಗಿ ಇವಿಎ ಇರುತ್ತದೆ. ಅದು 300 ಡಿಗ್ರಿ ದಾಟಿದ ಮೇಲೆ ಅಸಿಟಿಕ್ ಆಮ್ಲ ಕಳೆದುಕೊಂಡು ಬಣ್ಣಗಟ್ಟುವ ಸರಪಳಿಯಾಗುತ್ತದೆ. ಹಾಗಾಗಿ ಬರಿಯ ಪಾಲಿಎಥಿಲೀನ್‌ಗಿಂತ ಸ್ವಲ್ಪ ವಾಸಿ. ಆದರೆ ಅದರಲ್ಲಿ ತೂಕದ ಶೇ. 60ರಷ್ಟು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದು ಸುಮಾರು 200 ಡಿಗ್ರಿಯಲ್ಲೇ ನೀರು ಬಿಡಲು ತೊಡಗಿ ಶಾಖವನ್ನು ನುಂಗುತ್ತದೆ. ಬೆಂಕಿಗೆ ತಡೆಯೊಡ್ಡುವ ಆ ಗುಣ ಲೇಸರ್‌ಗೂ ತಡೆಯೊಡ್ಡುತ್ತದೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆದರೆ ನೀರು ಬಿಡುವುದು 300 ಡಿಗ್ರಿಯ ಮೇಲೆ. ಎರಡರ ಮೇಲೂ ಒಂದೇ ಲೇಸರ್ ಹೊಂದಾಣಿಕೆ ನಡೆಯುವುದಿಲ್ಲ.

ಎರಡು ಎಚ್ಚರಿಕೆ. ತಾಮ್ರದ ಅಯಾನು ಪಾಲಿಎಥಿಲೀನ್‌ನ ಆಕ್ಸಿಡೀಕರಣವನ್ನು ಚುರುಕುಗೊಳಿಸುತ್ತದೆ. ತಾಮ್ರ ಆಧಾರದ ಸೇರ್ಪಡೆ ಹಾಕುವುದಾದರೆ ಲೋಹ ನಿಷ್ಕ್ರಿಯಕ (ತಾಮ್ರದ ಆ ಪರಿಣಾಮವನ್ನು ತಡೆಯುವ ವಸ್ತು) ಇದೆಯೇ ಎಂದು ಕೇಳಿ, ಆಕ್ಸಿಡೀಕರಣ ಪ್ರೇರಣಾ ಕಾಲವನ್ನು, ಅಂದರೆ ಶಾಖ ಮತ್ತು ಆಮ್ಲಜನಕದಲ್ಲಿ ಆಕ್ಸಿಡೀಕರಣ ಶುರುವಾಗಲು ಹಿಡಿಯುವ ಸಮಯವನ್ನು, ಸೇರ್ಪಡೆ ಇಲ್ಲದ ಮಾದರಿಯ ಜೊತೆ ಹೋಲಿಸಿ. ಇನ್ನು, ಟಿನ್ ಆಕ್ಸೈಡ್ ಬಗೆಯದು ಅರೆವಾಹಕ. ಹೊರಹೊದಿಕೆಯಲ್ಲಿ ಅಲ್ಪ ಪ್ರಮಾಣದಲ್ಲಿ ಇದ್ದರೆ ಚಿಂತೆಯಿಲ್ಲ, ವಾಹಕಕ್ಕೆ ಅಂಟಿದ ನಿರೋಧಕ ಪದರಕ್ಕೆ ಮಾತ್ರ ಪರೀಕ್ಷಿಸದೆ ಹಾಕಬಾರದು.

ಷೀತಿಂಗ್ ಲೈನ್

ಕಾಂಪೌಂಡ್ ಕೋಣೆ ಅವರೇ, ಮಾಸ್ಟರ್‌ಬ್ಯಾಚನ್ನು ಯಂತ್ರಕ್ಕೆ ಪ್ಲಾಸ್ಟಿಕ್ ಕಾಳು ಸುರಿಯುವ ಹಾಪರ್‌ನಲ್ಲಿ ನಾವೇ ಬೆರೆಸಬಹುದೇ? ಬಣ್ಣವನ್ನು ಹಾಗೆಯೇ ಹಾಕುತ್ತೇವೆ.

ಕಾಂಪೌಂಡ್ ಕೋಣೆ

ಕಪ್ಪು ಪಾಲಿಎಥಿಲೀನ್‌ಗೆ ಬೇಕಿಲ್ಲ, ಅದು ಹಾಗೆಯೇ ಸಾಕು. ಹ್ಯಾಲೊಜೆನ್‌ರಹಿತ ಕಾಂಪೌಂಡ್‌ಗೆ ಬೆರೆಸಬಹುದು, ಆದರೆ ಮೊದಲು ಲೆಕ್ಕ ಹಾಕಿ. ಶೇ. 2ರಷ್ಟು ಮಾಸ್ಟರ್‌ಬ್ಯಾಚ್ ಹಾಕಿದರೆ ಶೇ. 60ರಷ್ಟಿದ್ದ ಹೈಡ್ರಾಕ್ಸೈಡ್ ಶೇ. 58.8ಕ್ಕೆ ಇಳಿಯುತ್ತದೆ, ಜೊತೆಗೆ ಮಾಸ್ಟರ್‌ಬ್ಯಾಚ್‌ನಲ್ಲಿ ಸೇರ್ಪಡೆಯನ್ನು ಹೊತ್ತಿರುವ ಪ್ಲಾಸ್ಟಿಕ್ ಉರಿಯುವಂಥದ್ದು. ಜ್ವಾಲೆಯ ಪರೀಕ್ಷೆಯಲ್ಲಿ ಅಂಚಿನಲ್ಲಿ ಪಾಸಾಗುವ ಕಾಂಪೌಂಡ್ ಆಗಿದ್ದರೆ ಇಷ್ಟೇ ಸಾಕು ಫೇಲಾಗಲು. ಕಾಂಪೌಂಡ್ ತಯಾರಿಸುವವರಿಂದಲೇ ಸೇರ್ಪಡೆಯನ್ನು ಒಳಗೆ ಹಾಕಿಸಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ.

ಅಭ್ರಕದ ಚಕ್ಕೆಯಾದರೆ ಪ್ಲಾಸ್ಟಿಕ್ಕನ್ನು ಬಲವಾಗಿ ಅರೆಯುವ ಸ್ಕ್ರೂನಲ್ಲಿ ಅದು ಪುಡಿಯಾಗುತ್ತದೆ, ಲೇಪ ಕಿತ್ತುಬರುತ್ತದೆ, ಗುರುತು ಮಂಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸಮನಾದ ಹರಡಿಕೆ. ಸೇರ್ಪಡೆ ಗಂಟುಕಟ್ಟಿದರೆ ನೀವು ಹೇಳಿದ ಕುಳಿಗಳೇ ಮತ್ತೆ ಬರುತ್ತವೆ.

ರೆಕ್ಕೆ ತಂತಿ

ನಾನು ವಿಮಾನದ ತಂತಿಗಳ ಕಡೆಯವನು. ಎರಡನೆಯ ದಾರಿಯ ಬಗ್ಗೆ ಹೇಳಬೇಕಾದದ್ದು ಬಹಳ ಇದೆ, ಏಕೆಂದರೆ ನಮ್ಮ ಕ್ಷೇತ್ರ ಆ ದಾರಿಯಲ್ಲಿ ಮುಂದೆ ಹೋಗಿದೆ.

ಹಿಂದೆ ವಿಮಾನದ ತಂತಿಗೆ ಬಿಸಿಯಚ್ಚು ಒತ್ತುತ್ತಿದ್ದರು. ಕಾದ ಲೋಹದ ಅಕ್ಷರವನ್ನು ಬಣ್ಣದ ಹಾಳೆಯ ಮೂಲಕ ನಿರೋಧಕ ಪದರದ ಮೇಲೆ ಒತ್ತುವ ಕ್ರಮ ಅದು. ಪದರದ ದಪ್ಪ ಮಿಲಿಮೀಟರ್‌ನ ಕಾಲು ಭಾಗಕ್ಕಿಂತ ಕಡಿಮೆ ಇರುವ ತಂತಿಗಳಲ್ಲಿ ಆ ಒತ್ತು ವಾಹಕದವರೆಗೂ ಇಳಿಯುವ ಸಾಧ್ಯತೆ ಇತ್ತು. ವಿದ್ಯುತ್ ಕಿಡಿಗೆ ಅದು ನೇರ ಆಹ್ವಾನ. ಆ ಅಪಾಯವೇ ಉದ್ಯಮವನ್ನು ನೇರಳಾತೀತ ಲೇಸರ್ ಕಡೆಗೆ ತಳ್ಳಿತು.

ಅಲ್ಲಿನ ರಸಾಯನ ಸೊಗಸಾದದ್ದು. ತಂತಿಯ ನಿರೋಧಕ ಪದರವಾದ ಇಟಿಎಫ್‌ಇ, ಪಿಟಿಎಫ್‌ಇಯಂಥ ಫ್ಲೋರೊಪಾಲಿಮರ್‌ಗಳು (ಫ್ಲೋರಿನ್ ಇರುವ ಪ್ಲಾಸ್ಟಿಕ್‌ಗಳು) ಸ್ವತಃ ಗುರುತು ಹಿಡಿಯುವುದಿಲ್ಲ. ಆದರೆ ಬಿಳಿ ತಂತಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಅದರ ರೂಟೈಲ್ ರೂಪದ ಶಕ್ತಿ ಅಂತರ ಸುಮಾರು 3 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 410 ನ್ಯಾನೊಮೀಟರ್‌ಗಿಂತ ಚಿಕ್ಕ ಅಲೆಯನ್ನೆಲ್ಲ ಅದು ಬಲವಾಗಿ ಹೀರುತ್ತದೆ. 355 ನ್ಯಾನೊಮೀಟರ್ ಲೇಸರ್‌ನ ಒಂದೊಂದು ಫೋಟಾನ್‌ಗೆ ಸುಮಾರು 3.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಅದು ತಾಗಿದಾಗ ಟೈಟಾನಿಯಂ ಡೈಆಕ್ಸೈಡ್ ಆಮ್ಲಜನಕವನ್ನು ಕಳೆದುಕೊಂಡು ಕಡುಬೂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬದಲಾಗುವುದು ಮೇಲ್ಮೈಯಿಂದ 10–20 ಮೈಕ್ರಾನ್ ಆಳದಷ್ಟೇ. ಮೇಲಿನಿಂದ ಅಂಟಿದ್ದು ಏನೂ ಇಲ್ಲದ್ದರಿಂದ ಉಜ್ಜಿ ಹೋಗಲು ಅವಕಾಶವಿಲ್ಲ, ಕೆತ್ತಿದ್ದು ಅಲ್ಲವಾದ್ದರಿಂದ ಪದರ ತೆಳುವಾಗುವುದೂ ಇಲ್ಲ.

ನಿಮ್ಮ ಕಿತ್ತಳೆ ಕಾಂಪೌಂಡ್‌ನಲ್ಲಿ ಬಣ್ಣ ಗಟ್ಟಿಯಾಗಿ ಕಾಣಲೆಂದು ಟೈಟಾನಿಯಂ ಡೈಆಕ್ಸೈಡ್ ಹಾಕಿರಬಹುದು. ಹಾಗಿದ್ದರೆ 355ರಲ್ಲಿ ಒಮ್ಮೆ ಪರೀಕ್ಷಿಸಿ. ಹೊಸ ಸೇರ್ಪಡೆಯೇ ಬೇಡವಾಗಬಹುದು.

ಕಾಂಪೌಂಡ್ ಕೋಣೆ

ರೆಕ್ಕೆ ತಂತಿ ಅವರೇ, ನಿಮ್ಮ ಮಾತಿಗೆ ಗೌರವವಿದೆ, ಆದರೆ ಒಂದು ವಿಷಯದಲ್ಲಿ ಒಪ್ಪಲಾರೆ. ವಿಮಾನದ ತಂತಿಯನ್ನು ಗುರುತು ಹಾಕುವ ಯಂತ್ರಕ್ಕೇ ಪ್ರತ್ಯೇಕವಾಗಿ ಹಾಯಿಸುತ್ತಾರೆ, ತುಂಡುಗಳಾಗಿ ಕತ್ತರಿಸುತ್ತಾರೆ. ಇಲ್ಲಿ ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಕೇಬಲ್‌ಗೆ ಹೊದಿಸುವ ಯಂತ್ರ) ಓಡುತ್ತಿರುವಾಗಲೇ ಗುರುತು ಬೀಳಬೇಕು. ನೇರಳಾತೀತ ಲೇಸರ್‌ನ ಸರಾಸರಿ ಶಕ್ತಿ ಸಾಮಾನ್ಯವಾಗಿ ಕೆಲವೇ ವ್ಯಾಟ್. ಬೆಲೆಯೂ ಹೆಚ್ಚು, ಅದರೊಳಗಿನ ಸ್ಫಟಿಕಗಳಿಗೆ ಆಯಸ್ಸಿನ ಮಿತಿಯೂ ಇದೆ. ಕಿತ್ತಳೆಯ ಮೇಲಿನ ಬೂದು ಗುರುತು ಬಿಳಿಯ ಮೇಲಿನದರಷ್ಟು ಎದ್ದು ಕಾಣುವುದೂ ಇಲ್ಲ.

ರೆಕ್ಕೆ ತಂತಿ

ವೇಗದ ಮಾತು ಒಪ್ಪಿದೆ. ಎದ್ದು ಕಾಣುವುದರ ಬಗ್ಗೆ ಮಾತ್ರ ಒಂದು ತಿದ್ದುಪಡಿ: ಕಣ್ಣಿಗೆ ಬೇರೆ, ಕೋಡ್ ಓದುವ ಕ್ಯಾಮೆರಾಕ್ಕೆ ಬೇರೆ. ಕೆಂಪು ಬೆಳಕಿನಲ್ಲಿ ನೋಡುವ ಓದುಗ ಯಂತ್ರಕ್ಕೆ ಕಿತ್ತಳೆ ಬಹುಮಟ್ಟಿಗೆ ಬಿಳಿಯಾಗಿಯೇ ಕಾಣುತ್ತದೆ. ಆಗ ಕಡುಬೂದು ಚೌಕಗಳು ಸ್ಪಷ್ಟವಾಗಿ ಓದಲು ಸಿಗುತ್ತವೆ. ಕಪ್ಪು ಹೊದಿಕೆಯಲ್ಲಿ ಇದು ತಿರುವುಮುರುವು. ಬಿಳಿ ಗುರುತು, ಕಪ್ಪು ಹಿನ್ನೆಲೆ. ಆ ಕ್ರಮವನ್ನು ಓದಲು ಯಂತ್ರವನ್ನು ಬೇರೆಯಾಗಿ ಹೊಂದಿಸಬೇಕು.

ಬೆಳಕಿನಲೆ

ವೇಗದ ಲೆಕ್ಕವನ್ನು ಒಮ್ಮೆ ಅಂಕಿಗಳಲ್ಲಿ ನೋಡೋಣ, ಆಗ ವಾದ ತಾನೇ ಬಗೆಹರಿಯುತ್ತದೆ.

ಲೈನ್ ನಿಮಿಷಕ್ಕೆ 120 ಮೀಟರ್ ಓಡುತ್ತಿದೆ ಎನ್ನಿ. ಸೆಕೆಂಡಿಗೆ 2 ಮೀಟರ್. ಪ್ರತಿ ಮೀಟರ್‌ಗೂ ಒಮ್ಮೆ ಪೂರ್ತಿ ಬರಹ ಬರಬೇಕಾದರೆ ಲೇಸರ್‌ಗೆ ಸಿಗುವ ಸಮಯ ಅರ್ಧ ಸೆಕೆಂಡು. ಮೂರು ಮಿಲಿಮೀಟರ್ ಎತ್ತರದ 40 ಅಕ್ಷರಗಳಿದ್ದು, ಒಂದೊಂದಕ್ಕೆ ಸುಮಾರು 10 ಮಿಲಿಮೀಟರ್ ಗೆರೆ ಎಳೆಯಬೇಕೆಂದರೆ ಒಟ್ಟು 400 ಮಿಲಿಮೀಟರ್. ಒಂದು ಅಕ್ಷರದಿಂದ ಇನ್ನೊಂದಕ್ಕೆ ಬೆಳಕನ್ನು ತಿರುಗಿಸುವ ಕನ್ನಡಿ ಜಿಗಿಯುವ ಸಮಯವನ್ನೂ ಕಳೆದರೆ ಗೆರೆ ಎಳೆಯುವ ವೇಗ ಸೆಕೆಂಡಿಗೆ 2000 ಮಿಲಿಮೀಟರ್ ಬೇಕಾಗಬಹುದು.

ಇನ್ನು ಸ್ಪಂದನಗಳು, ಅಂದರೆ ಲೇಸರ್ ಬಿಟ್ಟು ಬಿಟ್ಟು ಹೊಮ್ಮಿಸುವ ಬೆಳಕಿನ ಮಿಡಿತಗಳು. 20 ವ್ಯಾಟ್ ಲೇಸರನ್ನು 50 ಕಿಲೋಹರ್ಟ್ಸ್‌ನಲ್ಲಿ ಓಡಿಸಿದರೆ ಒಂದೊಂದು ಸ್ಪಂದನದಲ್ಲಿ 0.4 ಮಿಲಿಜೌಲ್. 2000 ಮಿಲಿಮೀಟರ್ ವೇಗದಲ್ಲಿ ಎರಡು ಸ್ಪಂದನಗಳ ನಡುವೆ 40 ಮೈಕ್ರಾನ್. ಬೆಳಕಿನ ಚುಕ್ಕೆ 60 ಮೈಕ್ರಾನ್ ಇದ್ದರೆ ಒಂದರ ಮೇಲೊಂದು ಹೊದ್ದುಕೊಂಡು ಗೆರೆ ಕೂಡಿಕೊಳ್ಳುತ್ತದೆ. ವೇಗ ಎರಡರಷ್ಟಾದರೆ ಅಂತರ 80 ಮೈಕ್ರಾನ್, ಗೆರೆ ಒಡೆದು ಚುಕ್ಕೆಗಳಾಗುತ್ತದೆ. ಅದನ್ನು ಸರಿಪಡಿಸಲು ಆವರ್ತನವನ್ನು 100 ಕಿಲೋಹರ್ಟ್ಸ್‌ಗೆ ಏರಿಸಿದರೆ ಒಂದೊಂದು ಸ್ಪಂದನದ ಶಕ್ತಿ 0.2 ಮಿಲಿಜೌಲ್‌ಗೆ ಇಳಿಯುತ್ತದೆ. ಅಷ್ಟರಲ್ಲೇ ಬಣ್ಣ ಬದಲಾಗಬೇಕು ಎಂದರೆ ಪ್ಲಾಸ್ಟಿಕ್ ಬೆಳಕಿಗೆ ಹೆಚ್ಚು ಸಂವೇದಿಯಾಗಿರಬೇಕು. ಲೈನಿನ ವೇಗ ಹೆಚ್ಚಿದಷ್ಟೂ ಗುರುತಿನ ಹೊಣೆ ಯಂತ್ರದಿಂದ ಕಾಂಪೌಂಡ್‌ಗೆ ಸರಿಯುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಯಂತ್ರವನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ತಂಪು ನೀರಿನ ತೊಟ್ಟಿ ದಾಟಿದ ಮೇಲೆ ಗಾಳಿಯಿಂದ ಪೂರ್ತಿ ಒಣಗಿರಬೇಕು, ನೀರಿನ ಹನಿ ಬೆಳಕನ್ನು ಬಾಗಿಸಿ ಚದುರಿಸುತ್ತದೆ. ಕೇಬಲ್ ಮೇಲೆ ಕೆಳಗೆ ಕುಣಿದರೆ ನಾಭಿ ತಪ್ಪುತ್ತದೆ. ಗುರುತು ಬೀಳುವ ಜಾಗದ ಎರಡೂ ಬದಿಗೆ ಉರುಳೆ ಕೊಟ್ಟು ಹಿಡಿದಿಡಿ.

ತಂತಿ ಪರೀಕ್ಷಕಿ

ಎಲ್ಲರೂ ಗುರುತು ಕಾಣುವುದರ ಬಗ್ಗೆಯೇ ಮಾತನಾಡುತ್ತಿದ್ದೀರಿ. ನನ್ನ ಕಾಳಜಿ ಗುರುತು ಬಿದ್ದ ಮೇಲೆ ಹೊದಿಕೆ ಹೊದಿಕೆಯಾಗಿಯೇ ಉಳಿಯುತ್ತದೆಯೇ ಎಂಬುದು.

ಇಂಕ್ ಮೇಲ್ಮೈಗೆ ಹಾನಿ ಮಾಡುವುದಿಲ್ಲ. ಲೇಸರ್ ಮಾಡಬಹುದು. ನೊರೆ ಎದ್ದ ಗೆರೆ ಅಥವಾ ಕೆತ್ತಿದ ಗೆರೆ ಎಂದರೆ ಅಲ್ಲಿ ಹೊದಿಕೆಯ ಗಟ್ಟಿ ಭಾಗ ತೆಳುವಾಗಿದೆ. ಕೇಬಲ್ ಬಾಗಿದಾಗ ಒತ್ತಡ ಆ ಗೆರೆಯಲ್ಲೇ ಸೇರುತ್ತದೆ. ಮಾದರಿ ಹೊದಿಕೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಗುರುತಿನ ಆಳ ಅಳೆಯಿರಿ. ಆ ಆಳವನ್ನು ಕಳೆದ ಮೇಲೂ ಮಾನಕ ಕೇಳುವ ಕನಿಷ್ಠ ದಪ್ಪ ಉಳಿದಿರಬೇಕು. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ) 60811 ಮಾನಕ ಸರಣಿಯ ಕರ್ಷಣ ಪರೀಕ್ಷೆಗೆ, ಅಂದರೆ ಮುರಿಯುವವರೆಗೆ ಎಳೆಯುವ ಪರೀಕ್ಷೆಗೆ, ಡಂಬೆಲ್ ಆಕಾರದ ತುಂಡುಗಳನ್ನು ಕತ್ತರಿಸುವಾಗ ಅಕ್ಷರ ಸರಿಯಾಗಿ ನಡುವಿನ ಕಿರಿದಾದ ಭಾಗಕ್ಕೆ ಬರುವಂತೆ ಕೆಲವನ್ನು ಕತ್ತರಿಸಿ, ಅಕ್ಷರವಿಲ್ಲದ ತುಂಡುಗಳ ಜೊತೆ ಹೋಲಿಸಿ. ಮುರಿಯುವ ಮುನ್ನದ ಹಿಗ್ಗುವಿಕೆಯಲ್ಲಿ ವ್ಯತ್ಯಾಸ ಕಂಡರೆ ಲೇಸರ್ ಹೆಚ್ಚು ಆಳಕ್ಕೆ ಹೋಗಿದೆ ಎಂದರ್ಥ. ಶಾಖದಲ್ಲಿ ಹಳತಾಗಿಸಿದ ಮೇಲೂ ಇದನ್ನೇ ಮಾಡಿ. ಹೊಸ ತುಂಡಿನಲ್ಲಿ ಕಾಣದ ದೋಷ ಆಗ ಕಾಣುತ್ತದೆ.

ಹ್ಯಾಲೊಜೆನ್‌ರಹಿತ ಎಂದು ಮಾರುವುದಾದರೆ ಸೇರ್ಪಡೆ ಹಾಕಿದ ಮೇಲೆ ಐಇಸಿ 60754-2 ಪರೀಕ್ಷೆಯನ್ನು ಮತ್ತೆ ಮಾಡಿಸಲೇಬೇಕು. ಹೊಗೆಯ ಅನಿಲ ಕರಗಿದ ನೀರಿನ ಪಿಎಚ್ 4.3ಕ್ಕಿಂತ ಕೆಳಗಿಳಿಯಬಾರದು, ಅದರ ವಾಹಕತೆ ಮಿಲಿಮೀಟರ್‌ಗೆ 10 ಮೈಕ್ರೊಸೀಮೆನ್ಸ್ ಮೀರಬಾರದು. ಜ್ವಾಲೆಯ ಪರೀಕ್ಷೆ, ಹೊಗೆಯ ಸಾಂದ್ರತೆಯ ಪರೀಕ್ಷೆ ಕೂಡ. ಹಳೆಯ ಪ್ರಮಾಣಪತ್ರ ಹಳೆಯ ಕಾಂಪೌಂಡ್‌ಗೆ ಮಾತ್ರ ಸೇರಿದ್ದು.

ಗುರುತಿನ ಬಾಳಿಕೆಗೆ ಐಇಸಿ 60227ರಲ್ಲಿ ಇರುವುದು ಬಹಳ ಮೃದುವಾದ ಪರೀಕ್ಷೆ: ನೀರಿನಲ್ಲಿ ಅದ್ದಿದ ಹತ್ತಿ ಅಥವಾ ಬಟ್ಟೆಯಿಂದ ಹತ್ತು ಬಾರಿ ಹಗುರವಾಗಿ ಉಜ್ಜುವುದು. ಅದನ್ನು ಒಳ್ಳೆಯ ಇಂಕ್ ಕೂಡ ಪಾಸಾಗುತ್ತದೆ. ಕೊಳವೆಯೊಳಗೆ ಎಳೆಯುವ ಕೇಬಲ್‌ಗೆ ಅದು ಏನೇನೂ ಸಾಲದು. ನಿಮ್ಮದೇ ಕೊಳವೆ, ನಿಮ್ಮದೇ ಜಾರಿಕೆಯ ದ್ರವ ಬಳಸಿ ಎಳೆದು ನೋಡುವ ಪರೀಕ್ಷೆಯನ್ನು ರೂಪಿಸಿಕೊಳ್ಳಿ.

ಹೊಸ ಸುರುಳಿ

ನಡುವೆ ಒಂದು ಪ್ರಶ್ನೆ. ನಮ್ಮದು ಬೂದು ಪಿವಿಸಿ ಹೊದಿಕೆ. ಅದರ ಮೇಲೆ ಲೇಸರ್ ಚೆನ್ನಾಗಿ ಕಪ್ಪಾಗುತ್ತದೆ ಎಂದು ಕೇಳಿದ್ದೇನೆ. ಇಷ್ಟೆಲ್ಲ ತಲೆನೋವು ಪಿವಿಸಿಗೆ ಇಲ್ಲವೇ?

ಸುರಕ್ಷಾ ವಿಭಾಗ

ಕಪ್ಪಾಗುವುದು ನಿಜ. ಕಾದಾಗ ಪಿವಿಸಿ ಹೈಡ್ರೊಜನ್ ಕ್ಲೋರೈಡ್ ಬಿಡುತ್ತದೆ, ಉಳಿದ ಸರಪಳಿ ಕಂದು, ಮತ್ತೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಅನಿಲ ತೇವಾಂಶದೊಡನೆ ಸೇರಿದರೆ ಹೈಡ್ರೊಕ್ಲೋರಿಕ್ ಆಮ್ಲ. ಶ್ವಾಸಕೋಶಕ್ಕೂ ಕೆಟ್ಟದ್ದು, ಲೇಸರ್‌ನ ಮಸೂರ, ಕನ್ನಡಿ, ಪಕ್ಕದ ಕಬ್ಬಿಣದ ಭಾಗಗಳಿಗೂ ಕೆಟ್ಟದ್ದು. ಗುರುತು ಬೀಳುವ ಜಾಗದಲ್ಲೇ ಹೊಗೆಯನ್ನು ಎಳೆದುಕೊಳ್ಳುವ ವ್ಯವಸ್ಥೆ, ಸೂಕ್ಷ್ಮ ಕಣಗಳಿಗೆ ಒಂದು ಸೋಸಕ, ಆಮ್ಲೀಯ ಅನಿಲಕ್ಕೆ ತಕ್ಕ ರಾಸಾಯನಿಕ ಸೋಸಕ, ಇವಿಲ್ಲದೆ ಪಿವಿಸಿ ಮೇಲೆ ಲೇಸರ್ ಹಚ್ಚಲೇಬೇಡಿ. ಫ್ಲೋರೊಪಾಲಿಮರ್ ವಿಘಟಿಸಿದರೆ ಹೈಡ್ರೊಜನ್ ಫ್ಲೋರೈಡ್ ಬರುವ ಸಾಧ್ಯತೆ ಇದೆ. ಅದು ಇನ್ನೂ ಅಪಾಯಕಾರಿ.

ಆಂಟಿಮನಿ ಟ್ರೈಆಕ್ಸೈಡ್ ಇರುವ ಪುಡಿಯನ್ನು ನೀವೇ ತೂಗಿ ಬೆರೆಸುವವರಾದರೆ ಧೂಳಿನ ಬಗ್ಗೆ ಕಟ್ಟುನಿಟ್ಟಾಗಿರಿ. ಮೂರು ವೇಲೆನ್ಸಿಯ ಆಂಟಿಮನಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿದೆ. ಮಾಸ್ಟರ್‌ಬ್ಯಾಚ್ ರೂಪದಲ್ಲಿ ಕೊಂಡರೆ ಧೂಳಿನ ಪ್ರಶ್ನೆ ಬಹುಮಟ್ಟಿಗೆ ಕಳೆಯುತ್ತದೆ.

1064 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಕ್ಷಿಪಟಲವನ್ನು ನೇರವಾಗಿ ತಲುಪುತ್ತದೆ. ಚಲಿಸುವ ಕೇಬಲ್‌ಗೆ ಒಳಬರುವ, ಹೊರಹೋಗುವ ತೆರಪು ಬೇಕೇ ಬೇಕು, ಆ ತೆರಪುಗಳೇ ದುರ್ಬಲ ಜಾಗ. ಅವನ್ನು ಉದ್ದನೆಯ ಸುರಂಗದಂತೆ ಮಾಡಿ ಮುಚ್ಚಿ. ಸಾದಾ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಇಂಗಾಲದ ಡೈಆಕ್ಸೈಡ್ ಲೇಸರ್‌ನ 10.6 ಮೈಕ್ರಾನ್ ಬೆಳಕನ್ನು ತಡೆಯುತ್ತದೆ, 1064 ಅನ್ನು ತಡೆಯುವುದಿಲ್ಲ. ಇದನ್ನು ತಿಳಿಯದೆ ಕಿಟಕಿ ಹಾಕಿಸುವವರಿದ್ದಾರೆ.

ಷೀತಿಂಗ್ ಲೈನ್

ಎಲ್ಲರಿಗೂ ಋಣಿ. ಕಾಂಪೌಂಡ್ ಕೊಡುವವರಿಂದ ಬಿಸ್ಮತ್ ಆಧಾರದ ಸೇರ್ಪಡೆ ಹಾಕಿಸಿದ ಕಿತ್ತಳೆ ಮಾದರಿ ತರಿಸಿದೆವು. ಅದೇ 20 ವ್ಯಾಟ್ ಲೇಸರ್‌ನಲ್ಲಿ, ಲೈನ್ ಪೂರ್ಣ ವೇಗದಲ್ಲಿರುವಾಗಲೇ ಕಡುಬೂದು ಅಕ್ಷರ ಸ್ಪಷ್ಟವಾಗಿ ಬಂದಿದೆ. ಕಿತ್ತಳೆ ಬಣ್ಣ ಒಂದು ಛಾಯೆ ಮಂಕಾಗಿದೆ, ಬಣ್ಣದ ಪ್ರಮಾಣ ತಿದ್ದಿಸುತ್ತಿದ್ದೇವೆ. 50 ವ್ಯಾಟ್ ಯಂತ್ರದ ಪ್ರಸ್ತಾಪವನ್ನು ಕೈಬಿಟ್ಟೆವು. ಪರೀಕ್ಷಕಿ ಮೇಡಂ ಹೇಳಿದಂತೆ ಅಕ್ಷರ ನಡುವೆ ಬರುವ ಡಂಬೆಲ್‌ಗಳನ್ನು ಕತ್ತರಿಸಲು ಕೊಟ್ಟಿದ್ದೇವೆ. ಜ್ವಾಲೆ ಮತ್ತು ಅನಿಲದ ಪರೀಕ್ಷೆಗೂ ಮಾದರಿ ಹೋಗಿದೆ.

ಸೇರ್ಪಡೆ ಹಾಕಿದ ಕಾಂಪೌಂಡ್ ದುಬಾರಿ. ಹೊದಿಕೆಯ ಪೂರ್ತಿ ದಪ್ಪಕ್ಕೂ ಅದೇ ಬೇಕೇ?

ಕಾಂಪೌಂಡ್ ಕೋಣೆ

ಬೇಡ. ಗುರುತು ಬೀಳುವುದು ಮೇಲಿನ ಕೆಲವು ಹತ್ತು ಮೈಕ್ರಾನ್‌ಗಳಲ್ಲಿ. ಕ್ರಾಸ್‌ಹೆಡ್‌ಗೆ (ಕರಗಿದ ಪ್ಲಾಸ್ಟಿಕ್ ಕೇಬಲ್ ಸುತ್ತ ಕೂರುವ ಅಚ್ಚಿನ ಭಾಗಕ್ಕೆ) ಇನ್ನೊಂದು ಚಿಕ್ಕ ಎಕ್ಸ್‌ಟ್ರೂಡರ್ ಸೇರಿಸುವ ಅನುಕೂಲವಿದ್ದರೆ ಒಳಗೆ ಸಾದಾ ಕಾಂಪೌಂಡ್, ಹೊರಗೆ ಮಿಲಿಮೀಟರ್‌ನ ಹತ್ತನೆಯ ಒಂದೆರಡು ಭಾಗದಷ್ಟು ಸೇರ್ಪಡೆ ಇರುವ ತೊಗಲು, ಅಂದರೆ ತೆಳು ಹೊರಪದರ, ಕೊಡಿ. ಎರಡರ ಮೂಲ ಪ್ಲಾಸ್ಟಿಕ್ ಒಂದೇ ಆಗಿರಬೇಕು, ಇಲ್ಲವಾದರೆ ಬಾಗಿದಾಗ ತೊಗಲು ಬಿಟ್ಟುಬರುತ್ತದೆ. ಇನ್ನೂ ಅಗ್ಗವಾಗಬೇಕಾದರೆ ಪೂರ್ತಿ ಸುತ್ತ ಬೇಡ, ಉದ್ದಕ್ಕೂ ಒಂದು ಪಟ್ಟಿ ಮಾತ್ರ ಎಳೆದು ಅದರ ಮೇಲೆ ಗುರುತು ಹಾಕಬಹುದು. ಆಗ ಕೇಬಲ್ ತಿರುಚಿಕೊಂಡರೆ ಪಟ್ಟಿ ಲೇಸರ್ ಮುಂದಿನಿಂದ ಸರಿದುಹೋಗುತ್ತದೆ. ನನಗೇನೋ ತೊಗಲೇ ಇಷ್ಟ.

ತಂತಿ ಪರೀಕ್ಷಕಿ

ತೊಗಲಿನ ಕ್ರಮಕ್ಕೆ ಹೋದರೆ ಜ್ವಾಲೆಯ ಪರೀಕ್ಷೆಯನ್ನು ಪೂರ್ಣ ಕೇಬಲ್ ಮೇಲೆ ಮತ್ತೊಮ್ಮೆ ಮಾಡಿಸಿ, ಏಕೆಂದರೆ ಬೆಂಕಿ ಮೊದಲು ಮುಟ್ಟುವುದು ಆ ತೊಗಲನ್ನೇ. ಡಂಬೆಲ್‌ಗಳ ಫಲಿತಾಂಶ ಬಂದಾಗ ಹಳತಾಗಿಸುವ ಮುನ್ನದ, ನಂತರದ ಅಂಕಿಗಳೆರಡನ್ನೂ ಇಲ್ಲಿ ಹಾಕಿ.

ಷೀತಿಂಗ್ ಲೈನ್

ಹಾಕುತ್ತೇನೆ ಮೇಡಂ. ಕಪ್ಪು ಪಾಲಿಎಥಿಲೀನ್‌ನ ತುಂಡುಗಳನ್ನೂ ಅದರ ಜೊತೆಗೇ ಕೊಟ್ಟಿದ್ದೇನೆ, ಅಲ್ಲಿ ನೊರೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೂ ಅಳೆಸುತ್ತಿದ್ದೇವೆ.